ಅಂಡಮಾನಿನ ಹಕ್ಕಿಗಳು: ನನಗೆ ಒಂದೇ ದ್ವೀಪ ಸಾಕಾಯಿತು

ಅಂಡಮಾನಿಗೆ ಹೋದವರೆಲ್ಲ ಹ್ಯಾವ್ಲಾಕ್, ನೀಲ್ ದ್ವೀಪಗಳಿಗೆ ಅಂತ ದೋಣಿ ಹತ್ತುತ್ತಾರೆ. ನಾನು ಹೋಗಿದ್ದು ಹಕ್ಕಿ ನೋಡುವುದಕ್ಕೆ. ಹಾಗಾಗಿ ಪೋರ್ಟ್ ಬ್ಲೇರ್ ಸುತ್ತಮುತ್ತಲೇ ಉಳಿದೆ (2024ರಿಂದ ಊರಿನ ಹೆಸರು ಶ್ರೀ ವಿಜಯಪುರಂ, ಆಟೊದವರ ಬಾಯಲ್ಲಿ ಇನ್ನೂ ಹಳೆಯದೇ). ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಅಂಡಮಾನ್ ಹಕ್ಕಿಗಳಲ್ಲಿ ಹೆಚ್ಚಿನವು ಈ ಊರಿರುವ ದಕ್ಷಿಣ ಅಂಡಮಾನ್ ದ್ವೀಪದಲ್ಲೇ ಸಿಗುತ್ತವೆ. ನಾರ್ಕೊಂಡಂ ಮಂಗಟ್ಟೆ ಇರುವುದು ಮಾತ್ರ ದೂರದ ಒಂದು ಜ್ವಾಲಾಮುಖಿ ದ್ವೀಪದಲ್ಲಿ. ಅದರ ಆಸೆಯನ್ನು ಮೊದಲೇ ಬಿಟ್ಟಿದ್ದೆ.

ಅಲ್ಲಿ ಮೊದಲು ಬದಲಾಯಿಸಿಕೊಳ್ಳಬೇಕಾದದ್ದು ಅಲಾರಂ. ಗಡಿಯಾರ ನಮ್ಮದೇ, ಆದರೆ ಬೆಳಕು ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮುಂಚೆ ಬರುತ್ತದೆ. ಹೋಟೆಲಿನ ತಿಂಡಿಗೆ ಕಾದರೆ ಕಾಡು ಆಗಲೇ ಸುಮ್ಮನಾಗಿರುತ್ತದೆ. ಹಿಂದಿನ ರಾತ್ರಿಯೇ ಬ್ರೆಡ್ಡು, ಬಾಳೆಹಣ್ಣು ಕಟ್ಟಿಕೊಂಡು ಬೆಳಕು ಹರಿಯುವ ಮುನ್ನವೇ ದ್ವೀಪದ ದಕ್ಷಿಣ ತುದಿಯ ಚಿಡಿಯಾ ಟಾಪು ಕಾಡಿನ ರಸ್ತೆ ಹಿಡಿಯುತ್ತಿದ್ದೆ. ಊರಿನಿಂದ ಸುಮಾರು 25 ಕಿ.ಮೀ.

ಆ ರಸ್ತೆಯಲ್ಲಿ ನಿಧಾನಕ್ಕೆ ನಡೆಯುವುದು, ದೊಡ್ಡ ಮರ ಕಂಡಲ್ಲಿ ನಿಲ್ಲುವುದು, ಇಷ್ಟೇ ನನ್ನ ಕ್ರಮ. ಅಂಡಮಾನ್ ಮರಕುಟಿಗ ಸಿಕ್ಕಿದ್ದು ಹಾಗೆಯೇ, ಒಣಗಿದ ಕೊಂಬೆಯೊಂದರಿಂದ ಬಂದ ಸದ್ದು ಹಿಡಿದು. ಮೈಯೆಲ್ಲ ಇದ್ದಿಲ ಕಪ್ಪು, ಗಂಡಾದ್ದರಿಂದ ನೆತ್ತಿಯಿಡೀ ಕೆಂಪು ಜುಟ್ಟು, ಕೊಕ್ಕಿನ ಬುಡದಲ್ಲಿ ಕೆನ್ನೆಗೂ ಒಂದು ಕೆಂಪು ಗೀರು. ನಮ್ಮ ಪಶ್ಚಿಮ ಘಟ್ಟದ ಬಿಳಿಹೊಟ್ಟೆಯ ಮರಕುಟಿಗದ ಹತ್ತಿರದ ನೆಂಟ ಇದು, ಹೊಟ್ಟೆಯಲ್ಲಿ ಆ ಬಿಳಿ ಮಾತ್ರ ಇಲ್ಲ. ಕೆಂಬೂತದ್ದೂ ಇದೇ ಕಥೆ: ಪೊದೆಯೊಳಗೆ ನುಸುಳುವ ರೀತಿ ಥೇಟ್ ನಮ್ಮೂರಿನದು, ಮೈ ಬಣ್ಣ ಕಪ್ಪಲ್ಲ, ಮಾಸಲು ಕಂದು. ಊರಿನ ಹಕ್ಕಿಗಳನ್ನು ಚೆನ್ನಾಗಿ ನೋಡಿಟ್ಟುಕೊಂಡು ಹೋದವರಿಗೆ ಈ ದ್ವೀಪ ಹೆಚ್ಚು ಕೊಡುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಸಂಜೆಗಳನ್ನು ಊರ ಹತ್ತಿರದ ಜವುಗು ಪ್ರದೇಶ ಸಿಪ್ಪಿಘಾಟಿಗೆ ಇಟ್ಟುಕೊಂಡಿದ್ದೆ. 2004ರ ಭೂಕಂಪದಲ್ಲಿ ಇಲ್ಲಿನ ನೆಲವೇ ಕುಸಿದು, ಗದ್ದೆಗಳಿಗೆ ನುಗ್ಗಿದ ಸಮುದ್ರದ ನೀರು ವಾಪಸು ಹೋಗಲೇ ಇಲ್ಲ. ಸತ್ತ ಮರಗಳ ಬೊಡ್ಡೆಗಳು ನೀರಲ್ಲಿ ಇನ್ನೂ ನಿಂತಿವೆ. ರೈತರು ಕಳೆದುಕೊಂಡ ಜಾಗದಲ್ಲಿ ಈಗ ನೀರುಹಕ್ಕಿಗಳು. ಕಣ್ಣ ಸುತ್ತ ಬಿಳಿ ಉಂಗುರವಿರುವ ಅಂಡಮಾನ್ ಬಾತು ಹೊತ್ತು ಇಳಿದ ಮೇಲೆ ಮೇಯಲು ಬರುತ್ತದೆ. ರಸ್ತೆಯ ಮೇಲಿಂದಲೇ ನೋಡಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿಗೆ ಇಳಿಯಬೇಡಿ. ಉಪ್ಪುನೀರಿನ ಮೊಸಳೆಗಳ ಊರು ಅದು.

ಕಂಡವುಗಳ ಪಟ್ಟಿ ಬರೆಯುವಾಗ ಇನ್ನೊಂದು ಕಾಲಂ ಹಾಕಿಕೊಂಡಿದ್ದೆ: ತಾನೇ ಬಂದದ್ದೋ, ಜನ ತಂದದ್ದೋ? ಊರೊಳಗಿನ ಗೊರವಂಕ ಜನ ತಂದದ್ದು. ಕಾಡಲ್ಲಿ ಎದುರಾಗುವ ಚುಕ್ಕೆ ಜಿಂಕೆಯೂ ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟದ್ದೇ. ತಡೆಯುವ ಹುಲಿ, ಚಿರತೆ ಇಲ್ಲದ ಕಡೆ ಅವು ಸಸಿಗಳನ್ನು ಮೇಯುತ್ತಾ ಬೆಳೆದಿವೆ. ಪ್ರವಾಸಿಗಳು ಅದರ ಫೋಟೊ ತೆಗೆಯಲು ಮುಗಿಬೀಳುತ್ತಾರೆ, ತಲೆಯ ಮೇಲೆ ಅಂಡಮಾನ್ ಮಟಪಕ್ಷಿ ಕೂಗುತ್ತಿದ್ದರೂ.

ಗೂಬೆ ನೋಡಬೇಕಿದ್ದರೆ ವಾಪಸು ಕರೆತರುವ ಗಾಡಿಯನ್ನು ಬೆಳಿಗ್ಗೆಯೇ ಮಾತಾಡಿಟ್ಟುಕೊಳ್ಳಿ. ಚಿಡಿಯಾ ಟಾಪುವಿನಲ್ಲಿ ಕತ್ತಲಾದ ಮೇಲೆ ಗಾಡಿ ಹುಡುಕುವುದು ಗೂಬೆ ಹುಡುಕುವುದಕ್ಕಿಂತ ಕಷ್ಟ.