ಶಾಲಾ ಬಸ್ಸಿನ ಚೌಕಟ್ಟಿನಲ್ಲಿ ಐಷಾರಾಮಿ ಮನೆ: ಹಳೆಯ ವಾಂಡರ್‌ಲಾಡ್ಜ್ ದುರಸ್ತಿ ಮಾಡಿದ ನನ್ನ ಅನುಭವ

ಅಮೆರಿಕದ ಜಾರ್ಜಿಯಾದಲ್ಲಿ ನೆಲೆಸಿರುವ ನಾನು 1980ರ ದಶಕದ ಬ್ಲೂ ಬರ್ಡ್ ಕಂಪನಿಯ ವಾಂಡರ್‌ಲಾಡ್ಜ್ ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ವಾಹನ) ಒಂದನ್ನು ಕೊಂಡು, ಬಹುಪಾಲು ಕೆಲಸವನ್ನು ಕೈಯಾರೆ ಮಾಡಿ ಮತ್ತೆ ರಸ್ತೆಗಿಳಿಸಿದ್ದೇನೆ. ಅಷ್ಟು ಹಳೆಯ ಗಾಡಿಗೆ ಹಣ ಸುರಿಯುವ ಧೈರ್ಯ ಬಂದದ್ದು ಅದನ್ನು ಕಟ್ಟಿದವರ ಹಿನ್ನೆಲೆಯಿಂದ.

ಮಧ್ಯ ಜಾರ್ಜಿಯಾದಲ್ಲಿ ಫೋರ್ಡ್ ಕಾರುಗಳನ್ನು ಮಾರುತ್ತಿದ್ದ ಆಲ್ಬರ್ಟ್ ಲೂಸ್ ಅವರು, ತಾವು ಮಾರಿದ ಮರದ ಬಾಡಿಯ ಬಸ್ಸು ಗಿರಾಕಿಯ ಸಾಲ ತೀರುವ ಮೊದಲೇ ಸಡಿಲಗೊಂಡದ್ದನ್ನು ಕಂಡು, 1927ರಲ್ಲಿ ಉಕ್ಕಿನ ಚೌಕಟ್ಟಿನ ಬಸ್ಸೊಂದನ್ನು ತಾವೇ ಕಟ್ಟಿಸಿದರು; ಮುಂದೆ ಜಾರ್ಜಿಯಾದ ಫೋರ್ಟ್ ವ್ಯಾಲಿಯ ಅವರ ಬ್ಲೂ ಬರ್ಡ್ ಕಾರ್ಖಾನೆ ಶಾಲಾ ಬಸ್ಸುಗಳಿಗೆ ಹೆಸರಾಯಿತು. 1962ರಲ್ಲಿ ಅವರು ತೀರಿಕೊಂಡರು. ಮರುವರ್ಷವೇ ಕಂಪನಿಯು ತನ್ನ ‘ಆಲ್ ಅಮೆರಿಕನ್’ ಶಾಲಾ ಬಸ್ಸನ್ನು ಆಧಾರವಾಗಿಟ್ಟುಕೊಂಡು, ಸೀಟುಗಳ ಜಾಗದಲ್ಲಿ ಅಡುಗೆಮನೆ, ಹಾಸಿಗೆ, ಬಚ್ಚಲುಗಳನ್ನು ಕೂರಿಸಿ ಮೋಟರ್‌ಹೋಮ್ ಮಾರುಕಟ್ಟೆಗೆ ಕಾಲಿಟ್ಟಿತು. ಬಾಡಿ ಕಟ್ಟುವ ವಿದ್ಯೆ ಆಗಲೇ ಕೈಯಲ್ಲಿತ್ತು. ಹೊಸದಾಗಿ ಕಲಿಯಬೇಕಾದದ್ದು ಒಳಾಂಗಣವನ್ನಷ್ಟೇ. ವಿನ್ನೆಬಾಗೊ ಎಂಬ ಕಂಪನಿ 1966ರಿಂದ ಅಗ್ಗದ ಮೋಟರ್‌ಹೋಮ್‌ಗಳನ್ನು ಹೊರತರತೊಡಗಿದಾಗಲೂ ಬ್ಲೂ ಬರ್ಡ್ ಬೆಲೆಯ ಪೈಪೋಟಿಗೆ ಇಳಿಯದೆ ಸಿರಿವಂತ ಗಿರಾಕಿಗಳನ್ನೇ ನೆಚ್ಚಿಕೊಂಡದ್ದು, ನನ್ನ ದೃಷ್ಟಿಯಲ್ಲಿ, ಜಾಣತನದ ನಿರ್ಧಾರ.

ಈ ಇತಿಹಾಸ ನನಗೆ ಕಣ್ಣಾರೆ ಕಂಡದ್ದು ಕಿಟಕಿಯ ಕೆಳಗಿನ ಮರದ ಹಲಗೆಯನ್ನು ಬಿಚ್ಚಿದಾಗ. ಕಿಟಕಿಯ ರಬ್ಬರು ವಯಸ್ಸಾಗಿ ಬಿರಿದಿದ್ದರಿಂದ ನೀರು ಇಳಿದು ಪ್ಲೈವುಡ್ ಪುಡಿಯಾಗಿತ್ತು, ಅದರ ಹಿಂದಿನ ಉಕ್ಕಿನ ಕಮಾನುಗಳ ಮೇಲೆ ಮಾತ್ರ ಬರೀ ಮೇಲ್ತುಕ್ಕು. ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕುನಿರೋಧಕ ಪ್ರೈಮರ್ ಹಚ್ಚಿ, ರಬ್ಬರು ಬದಲಿಸಿ, ಪೈಪಿನಿಂದ ನೀರು ಹಾಯಿಸಿ ಸೋರುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ಹೊಸ ಹಲಗೆ ಕೂರಿಸಿದೆ. ಒಳಗಿನ ಅಲಂಕಾರವನ್ನು ಕೊನೆಗಿಟ್ಟುಕೊಳ್ಳಬೇಕೆಂದು ಹೊಸಬರಿಗೆ ನಾನು ಒತ್ತಿ ಹೇಳುತ್ತೇನೆ. ಸೋಫಾದ ಬಟ್ಟೆ ಆರಿಸುವ ಉತ್ಸಾಹ ಎಲ್ಲರಿಗೂ ಮೊದಲೇ ಬಂದುಬಿಡುತ್ತದೆ.

ನನ್ನ ಗಾಡಿಯಲ್ಲಿರುವುದು ಕ್ಯಾಟರ್‌ಪಿಲ್ಲರ್ 3208 ವಿ8 ಡೀಸೆಲ್ ಎಂಜಿನ್. ಅದು ಚಾಲಕನ ಪಕ್ಕದಲ್ಲೇ ಇರುವುದರಿಂದ ಮುಚ್ಚಳ ತೆಗೆದು ಒಳಗೆ ಕುಳಿತೇ ದುರಸ್ತಿ ಮಾಡಬಹುದು, ಆದರೆ ಬೇಸಿಗೆಯಲ್ಲಿ ಆ ಕಾವು ಕಾಲಿಗೆ ತಟ್ಟುತ್ತದೆ. ಈ ಎಂಜಿನ್ನಿಗೆ ಬದಲಿಸಬಹುದಾದ ಸಿಲಿಂಡರ್ ಲೈನರ್‌ಗಳಿಲ್ಲ (ಸಿಲಿಂಡರಿನ ಒಳಗೋಡೆಯಾಗುವ ಕೊಳವೆಗಳು). ಅತಿಯಾಗಿ ಬಿಸಿಯಾಗಿ ಸಿಲಿಂಡರ್ ಕೆಟ್ಟರೆ ಬ್ಲಾಕನ್ನೇ ಕೊರೆಸಬೇಕಾಗುತ್ತದೆ. ಆದ್ದರಿಂದ ರೇಡಿಯೇಟರ್ ಶುಚಿಮಾಡಿಸಿ, ಥರ್ಮೋಸ್ಟಾಟ್ ಮತ್ತು ಹೋಸ್‌ಗಳನ್ನು ಬದಲಿಸುವ ಮುನ್ನ ದೂರದ ಪ್ರಯಾಣದ ಮಾತೇ ಎತ್ತಲಿಲ್ಲ. ಟೈರುಗಳ ವಿಷಯದಲ್ಲಿ ನೋಡಬೇಕಾದದ್ದು ಬದಿಯಲ್ಲಿ ಅಚ್ಚಾಗಿರುವ ತಯಾರಿಕಾ ಸಂಕೇತದ ಕೊನೆಯ ನಾಲ್ಕು ಅಂಕಿಗಳು: ಮೊದಲೆರಡು ಟೈರು ತಯಾರಾದ ವಾರವನ್ನೂ ಉಳಿದೆರಡು ವರ್ಷವನ್ನೂ ಹೇಳುತ್ತವೆ. ಹಿಂದಿನ ಮಾಲೀಕರ ಟೈರುಗಳ ಮೇಲ್ಮೈ ಹೊಸದರಂತೆ ಕಂಡರೂ ಅಂಕಿಗಳನ್ನು ಓದಿದ ಮೇಲೆ ಎಲ್ಲವನ್ನೂ ತೆಗೆಸಿದೆ.

ಬ್ಲೂ ಬರ್ಡ್ 2007ರಲ್ಲಿ ವಾಂಡರ್‌ಲಾಡ್ಜ್ ವಿಭಾಗವನ್ನು ಕ್ಯಾಲಿಫೋರ್ನಿಯಾದ ಕಂಪ್ಲೀಟ್ ಕೋಚ್ ವರ್ಕ್ಸ್‌ಗೆ ಮಾರಿತು, ಕೆಲವೇ ವರ್ಷಗಳಲ್ಲಿ ತಯಾರಿಕೆಯೂ ನಿಂತಿತು. ಹಾಗಿದ್ದರೂ ಏರ್ ಬ್ರೇಕಿನ ಚೇಂಬರ್, ವಾಲ್ವ್, ಹೋಸ್‌ಗಳು ಲಾರಿ ಬಿಡಿಭಾಗದ ಅಂಗಡಿಗಳಲ್ಲಿ ನನಗೆ ಸುಲಭವಾಗಿ ದೊರೆತವು. ಕಪಾಟಿನ ಚಿಲಕ, ಒಳಗಿನ ದೀಪದಂತಹ ಸಣ್ಣ ವಸ್ತುಗಳನ್ನೇ ಗುಜರಿಗೆ ಹೋದ ಗಾಡಿಗಳಿಂದ ಹುಡುಕಿ ತರಬೇಕಾಯಿತು.