ಚಕ್ರಕ್ಕೆ ತಟ್ಟೆ ಮುಚ್ಚಿದ ಕತೆ

"ಏನಣ್ಣಾ, ಕ್ಯಾತಸಂದ್ರದ ತಟ್ಟೆ ಇಡ್ಲಿ ತಟ್ಟೆ ತಂದು ಚಕ್ರಕ್ಕೆ ಬಡಿದಿದ್ದೀಯಾ?" ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮೊದಲ ದಿನ ಒಬ್ಬ ಹುಡುಗನಿಂದ ಕೇಳಿಸಿಕೊಂಡ ಮಾತು ಇದು. ಅದೇ ಹುಡುಗ ಹೋದ ವಾರ ಬಂದು "ನನ್ನ ಗಾಡಿಗೂ ಮಾಡಿಕೊಡಣ್ಣ" ಅಂದ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು 30 ಕಿಲೋವ್ಯಾಟ್-ಅವರ್ ಬ್ಯಾಟರಿಯ ಹಳೇ ಇವಿ, ಅಂದರೆ ಕರೆಂಟ್ ಕಾರು. ತುಮಕೂರಿನಿಂದ ದೇವನಹಳ್ಳಿ ಏರ್‌ಪೋರ್ಟಿಗೆ ಹೋಗಿ ಬಂದರೆ 180 ಕಿಲೋಮೀಟರ್ ಹತ್ತಿರ. ವಾಪಸ್ ಬರುವಾಗ ಡಾಬಸ್‌ಪೇಟೆ ಬಂತು ಅಂದರೆ ಕಣ್ಣೆಲ್ಲ ಪರ್ಸೆಂಟೇಜ್ ಮೇಲೆ. ಮನೆ ಮುಟ್ಟುವಾಗ ಎಂಟೋ ಒಂಬತ್ತೋ ಉಳಿದಿರುತ್ತಿತ್ತು. ಚಕ್ರದ ತೂತು ಮುಚ್ಚಿದರೆ ಗಾಳಿಯ ತಡೆ ಕಮ್ಮಿಯಾಗಿ ಇನ್ನೊಂದಿಷ್ಟು ದೂರ ಓಡುತ್ತೆ ಅಂತ ಶುರುಮಾಡಿದೆ.

ಮೊದಲು ಅಂಗಡಿಯ ಪ್ಲಾಸ್ಟಿಕ್ ವೀಲ್ ಕ್ಯಾಪ್, ಸೆಟ್ಟಿಗೆ 900 ರೂಪಾಯಿ. ಅಲಾಯ್ ಚಕ್ರದ ಮೇಲೆ ಅದರ ಕ್ಲಿಪ್ ಕೂರಲ್ಲ, ಪ್ಲಾಸ್ಟಿಕ್ ಟ್ಯಾಗ್ ಹಾಕಿ ಬಿಗಿದೆ. 90ರ ಸ್ಪೀಡಿನಲ್ಲಿ ಒಂದು ಹಾರಿ ಹಿಂದಿನ ಲಾರಿ ಕೆಳಗೆ ಹೋಯಿತು. ಆ ಡ್ರೈವರ್ ಬೈದದ್ದನ್ನು ಇಲ್ಲಿ ಬರೆಯೋಕಾಗಲ್ಲ. ಆಮೇಲೆ ಅಲ್ಯೂಮಿನಿಯಂ ಶೀಟ್, ಕೂಲಿ ಸೇರಿ ಮೂರು ಸಾವಿರ ಚಿಲ್ಲರೆ. ನೋಡೋಕೆ ಚೆಂದ. ಆದರೆ ನಡುಮಧ್ಯಕ್ಕೆ ಕೂರದೆ, 70 ದಾಟಿದರೆ ಸ್ಟೇರಿಂಗ್ ನಡುಕ. ಒಂದು ರೋಡ್ ಹಂಪ್‌ಗೆ ಅಂಚು ಮಡಚಿ ಟೈರಿಗೆ ಉಜ್ಜತೊಡಗಿತು. "ಆ ದುಡ್ಡಲ್ಲಿ ಎಷ್ಟು ಸಲ ಚಾರ್ಜ್ ಆಗ್ತಿತ್ತು ರೀ?" ಅಂದಳು ಹೆಂಡತಿ. ಸುಮ್ನೆ ಊಟ ಮಾಡಿದೆ.

ಕೊನೆಗೆ ಕೆಲಸಕ್ಕೆ ಬಂದದ್ದು ಬೋರ್ಡ್ ಮಾಡುವ ಅಂಗಡಿಯಲ್ಲಿ ಉಳಿದಿದ್ದ 3 ಎಂಎಂ ಎಸಿಪಿ ಶೀಟ್, ಅಂದರೆ ಎರಡು ತೆಳು ಅಲ್ಯೂಮಿನಿಯಂ ನಡುವೆ ಪ್ಲಾಸ್ಟಿಕ್ ಇರೋ ಹಲಗೆ. ಮೆಷಿನ್ನಿನಲ್ಲಿ ದುಂಡಗೆ ಕತ್ತರಿಸಿ ಕೊಟ್ಟಿದ್ದೂ ಸೇರಿ 1,400. ವಾಲ್ವ್ ಎದುರಿಗೆ ಒಂದು ತೂತು ಬಿಡಿ, ಇಲ್ಲದಿದ್ದರೆ ಗಾಳಿ ಹಾಕಿಸುವಾಗೆಲ್ಲ ಬಿಚ್ಚಬೇಕು. ಸುತ್ತ ಬೆರಳಗಲ ಸಂದಿ ಇರಲಿ, ಬ್ರೇಕಿನ ಬಿಸಿ ಹೊರಗೆ ಹೋಗಬೇಕಲ್ವಾ. ಮೋಟರೇ ಗಾಡಿ ತಡೆದು ಕರೆಂಟ್ ವಾಪಸ್ ತುಂಬೋ ರೀಜೆನ್ ಇದೆ ಅಂತ ನಂಬಿಕೊಳ್ಳಬೇಡಿ, ಬ್ಯಾಟರಿ ಫುಲ್ ಇದ್ದಾಗ ಅದು ಅಷ್ಟಾಗಿ ಹಿಡಿಯಲ್ಲ. ದೇವರಾಯನದುರ್ಗದ ಇಳಿಜಾರು ಇಳಿಸಿ, ಕವರ್ ಮೇಲೆ ಕೈಯಿಟ್ಟು ನೋಡಿಯೇ ಸಮಾಧಾನ ಆಗಿದ್ದು. ಅಲಾಯ್‌ಗೆ ಹಿಂದಿನಿಂದ ಹೇಗೆ ಹಿಡಿಸಿದೆ ಅನ್ನೋದನ್ನು ಮಾತ್ರ ಕೇಳಬೇಡಿ. ಅದಕ್ಕೇ ನಾಲ್ಕು ತಿಂಗಳು ಹೋಗಿದೆ.

ಅಳೆಯುವುದರಲ್ಲೂ ಮೋಸ ಹೋದೆ. ಆಷಾಢದಲ್ಲಿ ಸಿರಾ ಕಡೆ ಹೊರಟು ನೋಡಿದರೆ, ಕವರ್ ಹಾಕಿದ ಮೇಲೆ ಕರೆಂಟ್ ಇನ್ನೂ ಜಾಸ್ತಿ ತಿಂದಿತ್ತು! ಎದುರುಗಾಳಿ ಅಂತ ಹೊಳೆಯಲು ಎರಡು ವಾರ ಬೇಕಾಯಿತು. ಆಮೇಲೆ ಗಾಳಿ ನಿಂತ ರಾತ್ರಿ ಹತ್ತರ ಮೇಲೆ, ಕಳ್ಳಂಬೆಳ್ಳದವರೆಗೆ ಹೋಗಿ ವಾಪಸ್ ಬಂದೆ. ಅದೇ 90, ಎಸಿ 24. ಕವರ್ ಬಿಚ್ಚಿ ಇನ್ನೊಂದು ಸುತ್ತು. ಮೂರು ರಾತ್ರಿ ಹೀಗೇ. ಬಿಚ್ಚಿದಾಗ ಕಿಲೋಮೀಟರಿಗೆ 152 ವ್ಯಾಟ್-ಅವರ್ ಆಸುಪಾಸು, ಹಾಕಿದಾಗ 147. ಊರೊಳಗೆ ಮೂವತ್ತು ನಲವತ್ತರಲ್ಲಿ ಏನೂ ವ್ಯತ್ಯಾಸ ಇಲ್ಲ. ಸ್ಪೀಡ್ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು, ಆಟ ಇರೋದೇ ಹೈವೇಯಲ್ಲಿ.

ಮುಂದಿನ ಗ್ರಿಲ್‌ಗೂ ಟೇಪ್ ಅಂಟಿಸಿ ನೋಡಿದೆ. ಏಪ್ರಿಲ್ ಬಿಸಿಲಲ್ಲಿ ಫ್ಯಾನ್ ಕಿರುಚಾಟ ತಡೆಯಲಾಗದೆ ಕಿತ್ತು ಬಿಸಾಕಿದೆ. ಟೈರಿನ ಗಾಳಿ 32ರಿಂದ 35ಕ್ಕೆ ಏರಿಸಿದ್ದು ಮಾತ್ರ ಬಿಟ್ಟಿ ಲಾಭ.

ದುಡ್ಡಿನ ಲೆಕ್ಕದಲ್ಲಿ ತಿಂಗಳಿಗೆ ನೂರು ರೂಪಾಯಿ ಉಳಿದರೆ ಹೆಚ್ಚು. ಆದರೆ ಫುಲ್ ಚಾರ್ಜಿಗೆ ಆರೇಳು ಕಿಲೋಮೀಟರ್ ಜಾಸ್ತಿ ಅಂದರೆ ಕ್ಯಾತಸಂದ್ರದಿಂದ ಮನೆವರೆಗಿನ ದಾರಿ. ಈಗ ಹನ್ನೆರಡು ಪರ್ಸೆಂಟ್ ಇಟ್ಟುಕೊಂಡು ಮನೆ ಸೇರುತ್ತೇನೆ. ಹುಡುಗನಿಗೆ ಶೀಟ್ ತಂದುಕೊಡು ಅಂದಿದ್ದೇನೆ. ಹಿಡಿಸುವಾಗ ಅವನು ಗೇಟಿನಾಚೆ ನಿಂತಿರಬೇಕು.