ಎಂಟಿಂಚಿನ ಕನ್ನಡಿಯ ಸೊಟ್ಟು ಬಿಡಿಸಿದ್ದು

ಟೆಲಿಸ್ಕೋಪಿಗೆ ಅಂತ ನಾನೇ ಉಜ್ಜಿ ಮಾಡಿದ ಎಂಟಿಂಚಿನ ಕನ್ನಡಿಯಲ್ಲಿ ನಕ್ಷತ್ರ ಚುಕ್ಕಿಯಾಗದೆ ಗೆರೆಯಂತೆ ಎಳೆದುಕೊಂಡು ಕಾಣುತ್ತಿತ್ತು. "ಆ ಗಾಜು ಎಸೆದು ಹೊಸದು ತಗೊಳ್ಳಿ ಸಾರ್" ಅಂತ ಮೂವರು ಹೇಳಿದರು. ನಾಲ್ಕನೆಯವರು, ಕನ್ನಡಿ ಸರಿಯಾಗೇ ಇದೆ, ನಿಮ್ಮ ಕಣ್ಣಿಗೇ ಸಿಲಿಂಡರ್ (ಕಣ್ಣಿನ ಸೊಟ್ಟಿಗೆ ಕೊಡುವ ಕನ್ನಡಕದ ಪವರ್) ಇದೆಯಲ್ಲ ಅಂದರು. ಇದೆ, ಎಡಗಣ್ಣಿಗೆ ಒಂದೂಕಾಲು. ಆದರೆ 200 ಪಟ್ಟು ದೊಡ್ಡದು ಮಾಡುವ ಐಪೀಸ್ ಹಾಕಿದಾಗ ಕಣ್ಣೊಳಗೆ ಹೋಗುವ ಬೆಳಕಿನ ಎಳೆ ಒಂದೇ ಮಿಲಿಮೀಟರ್ ದಪ್ಪ. ಅಷ್ಟರಲ್ಲಿ ಕಣ್ಣಿನ ಸೊಟ್ಟು ಲೆಕ್ಕಕ್ಕೆ ಬರುವುದಿಲ್ಲ. ಆದರೂ ತಲೆ ಓರೆ ಮಾಡಿ ನೋಡಿದೆ, ಗೆರೆ ತಿರುಗಲಿಲ್ಲ. ಕನ್ನಡಿಯನ್ನು ಸೆಲ್‌ನಲ್ಲಿ, ಅಂದರೆ ಅದು ಕೂರುವ ಚೌಕಟ್ಟಿನಲ್ಲಿ, 45 ಡಿಗ್ರಿ ತಿರುಗಿಸಿದೆ, ಗೆರೆಯೂ ಅಷ್ಟೇ ತಿರುಗಿತು. ಬೆಳಕನ್ನು ಐಪೀಸ್ ಕಡೆ ತಿರುಗಿಸುವ ಪುಟ್ಟ ಕನ್ನಡಿ, ಡಯಾಗನಲ್ ಮೇಲಿದ್ದ ಸಂಶಯವೂ ಅಲ್ಲಿಗೆ ಹೋಯಿತು.

ಇದು ಎಫ್/6 (ಫೋಕಸ್ ದೂರ ಅಗಲದ ಆರು ಪಟ್ಟು), 19 ಮಿಲಿಮೀಟರ್ ದಪ್ಪದ ಗಾಜು. ಬೆಳಕನ್ನು ಚಾಕುವಿನ ಅಂಚಿನಿಂದ ಕತ್ತರಿಸಿ ಕನ್ನಡಿಯ ಆಕಾರ ನೋಡುವ ಫೂಕೋ ಟೆಸ್ಟರ್‌ನಲ್ಲಿ ಎಷ್ಟು ಚೆನ್ನಾಗಿ ಕಂಡಿತ್ತೆಂದರೆ, ಹೊಳೆಯುವ ಅಲ್ಯೂಮಿನಿಯಂ ಪದರ ಹಾಕಿಸಲು ನೇರ ಕೋಟಿಂಗ್‌ಗೆ ಕೊಟ್ಟುಬಿಟ್ಟೆ. ಆ ಚಾಕುವಿಗೆ ಅಸ್ಟಿಗ್ಮ್ಯಾಟಿಸಂ, ಅಂದರೆ ಈ ಸೊಟ್ಟು, ಸುಲಭಕ್ಕೆ ಸಿಗುವುದಿಲ್ಲ ಅಂತ ಗೊತ್ತಿದ್ದೂ ಆತುರಪಟ್ಟೆ. ಸುಮಾರು ಮೂರು ಸಾವಿರ ಹೋಯಿತು. ಏಪ್ರಿಲ್‌ನಲ್ಲಿ ಮೊದಲು ಹಿಡಿದದ್ದು ಧ್ರುವ ನಕ್ಷತ್ರ, ಅಲುಗಾಡುವುದಿಲ್ಲ ಅಂತ. ಬೆಂಗಳೂರಿನಿಂದ ಅದು 13 ಡಿಗ್ರಿ ಎತ್ತರ, ಬರೀ ಧೂಳು, ಕುದಿಯುವ ಗಾಳಿ. ಎರಡು ವಾರ ದಂಡ. ಆಮೇಲೆ ನೆತ್ತಿಯ ಹತ್ತಿರ ಬಂದ ಸ್ವಾತಿಯನ್ನು ಹಿಡಿದೆ: ಫೋಕಸ್‌ನ ಒಳಗೆ ಅಡ್ಡ ಮೊಟ್ಟೆ, ಹೊರಗೆ ಉದ್ದ ಮೊಟ್ಟೆ.

ತಪ್ಪು ನನ್ನದೇ. ಹಿಂದಿನ ಮಳೆಗಾಲವೆಲ್ಲ ಪ್ಲೈವುಡ್ ಹಲಗೆ ಮೇಲಿಟ್ಟು ಉಜ್ಜಿದ್ದೆ. ಹಲಗೆ ನೀರು ಕುಡಿದು ಡೊಂಕಾಗಿತ್ತು, ಗಾಜು ಜಾರದಂತೆ ಹಲಗೆ ಮೇಲಿದ್ದ ಮೂರು ಗುಬುಟುಗಳು ಅದನ್ನು ಬಿಗಿಯಾಗಿ ಹಿಡಿದಿದ್ದವು, ಕೈಸೋತಾಗ ಗಾಜನ್ನು ತಿರುಗಿಸುವುದನ್ನೇ ಬಿಟ್ಟಿದ್ದೆ. ಗಾಜಿನ ಬೆನ್ನಂತೂ ಒಮ್ಮೆಯೂ ಸಮ ಮಾಡಿರಲಿಲ್ಲ.

ಗಾಜು ಎಸೆಯುವ ಮೊದಲು ಒಂದು ಹುಚ್ಚು ಪ್ರಯೋಗ ಮಾಡಿದೆ. ಸೆಲ್‌ಗೆ ಎರಡು ಸ್ಕ್ರೂ ಹಾಕಿ, ಕನ್ನಡಿಯನ್ನು ಬೆನ್ನಿನಿಂದ ಎಳೆದು ಎದುರು ಸೊಟ್ಟು ಕೊಟ್ಟೆ. ನಂಬಿ, ನಕ್ಷತ್ರ ದುಂಡಗಾಯಿತು! ರಾತ್ರಿ ಹನ್ನೊಂದಕ್ಕೆ ತಂಪಾದಾಗ ಮತ್ತೆ ಮೊಟ್ಟೆ. ವೆಟ್ ಗ್ರೈಂಡರ್ ಮೋಟರ್‌ಗೆ ಹಲಗೆ ಕಟ್ಟಿ ಉಜ್ಜಿದ್ದೂ ಇದೇ ಹೊತ್ತಿಗೆ, ಬೇರೆ ಆರಿಂಚಿನ ಗಾಜಿನ ಮೇಲೆ. ಅಂಚು ಪೂರ್ತಿ ಇಳಿದುಹೋಯಿತು. ಮನೆಯಲ್ಲಿ ಗ್ರೈಂಡರ್ ವಿಷಯ ಇನ್ನೂ ತೆಗೆಯುತ್ತಾರೆ.

ಕೊನೆಗೆ ಎಸ್.ಪಿ. ರೋಡಿನಲ್ಲಿ ಪಿಸಿಬಿಗೆ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹಲಗೆಗೆ) ಮಾರುವ ಫೆರಿಕ್ ಕ್ಲೋರೈಡ್ ತಂದು ಕೋಟಿಂಗ್ ಬಿಡಿಸಿದೆ. 120ರ ಉಜ್ಜುವ ಪುಡಿಯಲ್ಲಿ (ಅಂಕಿ ಹೆಚ್ಚಿದಷ್ಟೂ ನುಣುಪು) ಮೊದಲು ಬೆನ್ನು ಸಮ ಮಾಡಿದೆ, ಮೂರು ಸಂಜೆ ಹಿಡಿಯಿತು. ಮುಖಕ್ಕೆ 220ರಿಂದ ಶುರು ಮಾಡಿ 400, 600, ಕೊನೆಗೆ ಇನ್ನೂ ನುಣುಪಾದ ಅಲ್ಯೂಮಿನಾ ಪುಡಿ. ಹಲಗೆ ಬದಲು ಗ್ರಾನೈಟ್ ತುಂಡು, ಗುಬುಟಿಗೂ ಗಾಜಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಹಿಡಿಸುವಷ್ಟು ಸಡಿಲ. ಐದೈದು ನಿಮಿಷಕ್ಕೊಮ್ಮೆ ಗಾಜನ್ನು ಐದನೇ ಒಂದು ಸುತ್ತು ತಿರುಗಿಸಿದೆ, ಅಲಾರಂ ಇಟ್ಟುಕೊಂಡು. ಗಾಜಿನ ಕೆಳಗೆ ಹಾಸಿದ್ದು ಏನು ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಪಾಲಿಶ್ ಮಾಡುವ ಅಂಟು ಮೆತ್ತೆ, ಪಿಚ್‌ಗೆ ಬಳೇಪೇಟೆಯ ಗ್ರಂದಿಗೆ ಅಂಗಡಿ ರಾಳ, ಜೇನುಮೇಣ, ಹರಳೆಣ್ಣೆ. ಅಳತೆ ಕೇಳಬೇಡಿ, ಅದಕ್ಕೆ ಮೂರು ಪಾತ್ರೆ ಸುಟ್ಟಿದ್ದೇನೆ.

ಸೀರಿಯಂ ಅನ್ನುವ ಪಾಲಿಶ್ ಪುಡಿಯಲ್ಲಿ ಹದಿನಾಲ್ಕು ಗಂಟೆ ಆಗಿರಬೇಕು. ಈ ಸಲ ಕೋಟಿಂಗ್‌ಗೆ ಮೊದಲೇ ಎಂಟಡಿ ದೂರದಲ್ಲಿ ಸೂಜಿತೂತಿನ ದೀಪ ಇಟ್ಟು ಐಪೀಸ್‌ನಲ್ಲಿ ಅದರ ಬಿಂಬ ನೋಡಿದೆ; ಫೋಕಸ್‌ನ ಎರಡೂ ಬದಿ ದುಂಡಗೆ. ಅಂಚಿನಲ್ಲಿ ಮಾತ್ರ ಎರಡು ಮಿಲಿಮೀಟರ್ ಅಗಲಕ್ಕೆ ಇಳಿದಿತ್ತು. ಕೋಟಿಂಗ್ ಆದಮೇಲೆ ಅಲ್ಲಿಯ ಕೆಟ್ಟ ಬೆಳಕು ಬಾರದಂತೆ ಕಪ್ಪು ಬಣ್ಣ ಬಳಿದೆ. ಎರಡನೇ ಸಲದ ಖರ್ಚು ಕೋಟಿಂಗ್ ಸೇರಿ ಐದೂವರೆ ಸಾವಿರ. ಹೊಸ ಗಾಜು ಇದಕ್ಕಿಂತ ಅಗ್ಗ ಅನ್ನಬೇಡಿ, ಅದಕ್ಕೂ ಪುಡಿ, ಕೋಟಿಂಗ್ ಬೇಕೇ ಬೇಕು.

ಅಕ್ಟೋಬರ್‌ನಲ್ಲಿ ಅಭಿಜಿತ್ ನಕ್ಷತ್ರದ ಪಕ್ಕದ ಎಪ್ಸಿಲಾನ್ ಲೈರೆಗೆ, ಅಂದರೆ ಒತ್ತೊತ್ತಾಗಿರುವ ಎರಡು ಜೋಡಿ ನಕ್ಷತ್ರಗಳ ಕಡೆಗೆ, ತಿರುಗಿಸಿದೆ. ನಾಲ್ಕೂ ಚುಕ್ಕಿ ಬಿಡಿಬಿಡಿ. ಎಸೆಯಿರಿ ಅಂದ ಮೂವರಲ್ಲಿ ಒಬ್ಬರನ್ನು ಕರೆಸಿದ್ದೆ. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು, ತಲೆ ಓರೆ ಮಾಡಿ ನೋಡಿದರು. ಆಮೇಲೆ ಮೆಲ್ಲಗೆ, "ಹರಳೆಣ್ಣೆ ಎಷ್ಟು ಹಾಕಿದ್ರಿ ಸಾರ್?" ಅಂದರು.